ಆಂಡ್ರಾಯ್ಡ್ ಸ್ಟುಡಿಯೋ: 8 ಜಿಬಿಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಆರು ವರ್ಷ ಬಳಸಿದ ಮೇಲೆ

ನನ್ನ ಲ್ಯಾಪ್‌ಟಾಪ್ 2017ರಲ್ಲಿ ತಗೊಂಡಿದ್ದು. 8 ಜಿಬಿ ರ್ಯಾಮ್, ವಿಂಡೋಸ್ 10. ನಡುವೆ ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ, ಅಷ್ಟೇ. ಇದರಲ್ಲೇ 2019ರಿಂದ ಆಂಡ್ರಾಯ್ಡ್ ಸ್ಟುಡಿಯೋ, ಅಂದರೆ ಆಂಡ್ರಾಯ್ಡ್ ಆ್ಯಪ್ ಬರೆಯುವ ಗೂಗಲ್‌ನ ಸಾಫ್ಟ್‌ವೇರ್, ಬಳಸುತ್ತಿದ್ದೇನೆ. ಮಾಡುವುದು ಒಂದೇ ಆ್ಯಪ್. ಸಾಗರದ ಸುತ್ತಮುತ್ತಲಿನ ಕೆಲವು ಕಿರಾಣಿ ಅಂಗಡಿಯವರು ಅದರಲ್ಲಿ ಉದ್ರಿ ಲೆಕ್ಕ ಬರೆದಿಡುತ್ತಾರೆ.

ಇಷ್ಟು ಹಳೇ ಯಂತ್ರದಲ್ಲಿ ಕೆಲಸ ಆಗುತ್ತಾ ಅಂತ ಕೇಳುವವರು ಜಾಸ್ತಿ. ಆಗುತ್ತದೆ. ಆದರೆ ಅಪ್‌ಡೇಟ್ ಒತ್ತುವ ಮೊದಲು ಒಂದು ವಿಷಯ ಗೊತ್ತಿರಬೇಕು. ಸ್ಟುಡಿಯೋ ಬೇರೆ, ನಿಮ್ಮ ಪ್ರಾಜೆಕ್ಟ್ ಬೇರೆ. ಒಂದು ಹೊಸದಾಯಿತು ಅಂತ ಇನ್ನೊಂದನ್ನೂ ಅವತ್ತೇ ಹೊಸದು ಮಾಡಬೇಕಾಗಿಲ್ಲ. ನನಗೆ ಇದು ತಿಳಿಯುವುದಕ್ಕೆ ಐದು ವರ್ಷ ಬೇಕಾಯಿತು.

2024ರ ದೀಪಾವಳಿಗೆ ಇನ್ನೊಂದು ವಾರ ಇತ್ತು. ಹಬ್ಬಕ್ಕೆ ಮುಂಚೆ ಬಾಕಿ ಚುಕ್ತಾ ಮಾಡಿಸಿಕೊಳ್ಳುವ ಹೊತ್ತು. ಒಬ್ಬ ಅಂಗಡಿಯವರು ಫೋನ್ ಮಾಡಿ, "ತಮ್ಮಾ, ಬಾಕಿ ಪಟ್ಟಿ ತೆಗೆದರೆ ಕೊನೇ ಹೆಸರು ಬರ್ತಾನೇ ಇಲ್ಲ ನೋಡು" ಅಂದರು. ಎರಡು ಸಾಲಿನ ತಿದ್ದುಪಡಿ. ಸ್ಟುಡಿಯೋ ತೆರೆದೆ, ಮೂಲೆಯಲ್ಲಿ ಅಪ್‌ಡೇಟ್ ಬಂದಿದೆ ಅಂತ ತೋರಿಸಿತು, ಒತ್ತಿಬಿಟ್ಟೆ. ಆಗಷ್ಟೇ ಬಂದಿದ್ದ ಲೇಡಿಬಗ್ ಆವೃತ್ತಿ ಇಳಿಯಿತು. ಪ್ರಾಜೆಕ್ಟ್ ತೆರೆದುಕೊಳ್ಳುವಾಗ ಕೆಳಗೆ ಪೂರ್ತಿ ಕೆಂಪು. ಜಾವಾ 21 ಮತ್ತು ಗ್ರೇಡಲ್ 7.5 ಒಂದಕ್ಕೊಂದು ಹೊಂದುವುದಿಲ್ಲ, ಸಿಂಕ್ ಆಗುವುದಿಲ್ಲ ಅಂತ ಬರೆದಿತ್ತು. ಗ್ರೇಡಲ್ ಅಂದರೆ ಕೋಡನ್ನು ಆ್ಯಪ್ ಆಗಿ ಕಟ್ಟುವ ಸಾಧನ, ಅದು ಓಡುವುದು ಜಾವಾ ಮೇಲೆ. ಸಿಂಕ್ ಅಂದರೆ ಸ್ಟುಡಿಯೋ ಪ್ರಾಜೆಕ್ಟ್‌ನ ಬಿಲ್ಡ್ ಫೈಲ್‌ಗಳನ್ನು ಓದಿಕೊಳ್ಳುವುದು. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಬಿಲ್ಡ್ ಮಾಡಿ, ಅಂದರೆ ಆ್ಯಪ್ ಕಟ್ಟಿಸಿ, ನೋಡಿದೆ. ಅಲ್ಲಿ ಇನ್ನೊಂದು ಮಾತು: "ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65."

ಈ 65 ಅನ್ನುವ ಸಂಖ್ಯೆ ನೋಡಿದರೆ ಏನೂ ಅರ್ಥ ಆಗುವುದಿಲ್ಲ ಅಲ್ವಾ? ಅದರಲ್ಲಿ 44 ಕಳೆಯಿರಿ. 21 ಉಳಿಯುತ್ತದೆ. ಅದೇ ಜಾವಾ ಆವೃತ್ತಿ. 61 ಅಂದರೆ ಜಾವಾ 17, 55 ಅಂದರೆ 11, 52 ಅಂದರೆ 8. ಈ ಲೆಕ್ಕ ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಆಗಿದ್ದು ಇಷ್ಟೇ. ಸ್ಟುಡಿಯೋ ತನ್ನ ಜೊತೆಗೇ ಒಂದು ಜಾವಾ ತರುತ್ತದೆ, ಜೆಬಿಆರ್ ಅನ್ನುವ ಫೋಲ್ಡರ್‌ನಲ್ಲಿ. ಲೇಡಿಬಗ್‌ನಿಂದ ಅದು 17 ಹೋಗಿ 21 ಆಯಿತು. ನನ್ನ ಪ್ರಾಜೆಕ್ಟ್ ನಿಂತಿದ್ದು ಗ್ರೇಡಲ್ 7.5ರ ಮೇಲೆ. ಗ್ರೇಡಲ್ ಜಾವಾ 21ರ ಮೇಲೆ ಓಡುವುದಕ್ಕೆ ಶುರು ಮಾಡಿದ್ದೇ 8.5ರಿಂದ. ಜಾವಾ ಎಲ್ಲಿದೆ ಅಂತ ಟರ್ಮಿನಲ್‌ಗೆ ಹೇಳುವ ಜಾವಾ ಹೋಮ್ ವೇರಿಯಬಲ್ ಅನ್ನೂ ನಾನು ಅದೇ ಜೆಬಿಆರ್ ಫೋಲ್ಡರ್‌ಗೆ ತೋರಿಸಿ ಇಟ್ಟಿದ್ದೆ. ಹಾಗಾಗಿ ಬಿಲ್ಡ್ ಸ್ಟುಡಿಯೋ ಒಳಗೂ ಕೆಟ್ಟಿತು, ಟರ್ಮಿನಲ್‌ನಲ್ಲೂ ಕೆಟ್ಟಿತು. ಸ್ಟುಡಿಯೋದ್ದೇನೂ ತಪ್ಪಿಲ್ಲ. ಹಳೇ ಪ್ರಾಜೆಕ್ಟನ್ನು ಹೊಸ ಜಾವಾಕ್ಕೆ ಕಟ್ಟಿಹಾಕಿದ್ದವನು ನಾನು.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಹೇಳುವುದು "ಕ್ಲೀನ್ ಮಾಡು, ಕ್ಯಾಶ್ ಅಳಿಸು" ಅಂತ. ನಾನೂ ಪ್ರಾಜೆಕ್ಟ್‌ನ ಕ್ಯಾಶ್ ಅಳಿಸಿದೆ. ಆವೃತ್ತಿ ಹೊಂದದಿದ್ದಾಗ ಅದರಿಂದ ಏನೂ ಉಪಯೋಗ ಇಲ್ಲ. ಪೂರ್ತಿ ಕ್ಯಾಶ್ ಅಳಿಸಿದರಂತೂ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೂತವನಿಗೆ ಎಲ್ಲ ಲೈಬ್ರರಿಗಳನ್ನೂ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಮತ್ತೆ ಇಳಿಸಿಕೊಳ್ಳುವ ಕೆಲಸ ಬೇರೆ. ದಯವಿಟ್ಟು ಮೊದಲು ಎರರ್‌ನ ಕೊನೇ ಸಾಲು ಓದಿ, ಆಮೇಲೆ ಅಳಿಸುವ ವಿಚಾರ.

ಕೆಲಸ ಆಗಿದ್ದು ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ಟೂಲ್ಸ್, ಅದರೊಳಗೆ ಗ್ರೇಡಲ್. ಅಲ್ಲಿ ಗ್ರೇಡಲ್ ಜೆಡಿಕೆ ಅಂತ ಒಂದು ಪಟ್ಟಿ ಇದೆ, ಜೆಡಿಕೆ ಅಂದರೆ ಜಾವಾದ ಪೂರ್ತಿ ಕಿಟ್. ಅದರಲ್ಲೇ ಡೌನ್‌ಲೋಡ್ ಜೆಡಿಕೆ ಅಂತ ಸಿಗುತ್ತದೆ. 17 ಆರಿಸಿದೆ, ಇಳಿಯಿತು. ಜಾವಾ ಹೋಮ್ ಅನ್ನೂ ಅದೇ 17ರ ಫೋಲ್ಡರ್‌ಗೆ ತಿರುಗಿಸಿದೆ. ಮತ್ತೆ ಸಿಂಕ್ ಕೊಟ್ಟೆ, ಹಸಿರು ಬಂತು. ಪ್ರಾಜೆಕ್ಟ್‌ನಲ್ಲಿ ಒಂದಕ್ಷರ ಮುಟ್ಟಿರಲಿಲ್ಲ. ಆಮೇಲೆ ಆ ಎರಡು ಸಾಲು ತಿದ್ದಿ, ರಾತ್ರಿ ಹನ್ನೊಂದಕ್ಕೆ ಅಂಗಡಿಯವರಿಗೆ ಹೊಸ ಎಪಿಕೆ, ಅಂದರೆ ಫೋನ್‌ಗೆ ಹಾಕಿಕೊಳ್ಳುವ ಆ್ಯಪ್ ಫೈಲ್, ಕಳಿಸಿದೆ. ಕೊನೇ ಹೆಸರು ಬಂತು ಅಂತ ಬೆಳಿಗ್ಗೆ ಫೋನ್ ಬಂತು.

ನಾನು ಸ್ಟುಡಿಯೋವನ್ನು ಮೆಚ್ಚುವುದು ಇದಕ್ಕೇ. ಗ್ರೇಡಲ್‌ಗೆ ಆಂಡ್ರಾಯ್ಡ್ ಆ್ಯಪ್ ಕಟ್ಟುವುದನ್ನು ಹೇಳಿಕೊಡುವ ಒಂದು ಭಾಗ ಇದೆ, ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ ಅಂತ. ಲೇಡಿಬಗ್ ಬಂದಾಗ ಆ ಪ್ಲಗಿನ್‌ನ 3.2ರಿಂದ 8.7ರವರೆಗೆ ಯಾವುದರಲ್ಲಿ ಮಾಡಿದ ಪ್ರಾಜೆಕ್ಟನ್ನೂ ಅದು ತೆರೆಯುತ್ತಿತ್ತು. 3.2 ಅಂದರೆ 2018ರದ್ದು. ಇಷ್ಟು ಹಿಂದಿನದನ್ನೂ ಕೈಬಿಡದೆ ಇಟ್ಟುಕೊಂಡಿರುವುದು ಸಣ್ಣ ಮಾತಲ್ಲ. ಗ್ರೇಡಲ್ ರ್ಯಾಪರ್ ಕೂಡ ಹಾಗೇ. ಯಾವ ಗ್ರೇಡಲ್ ಬೇಕು ಅನ್ನುವುದು ಪ್ರಾಜೆಕ್ಟ್ ಒಳಗಿನ ಒಂದು ಸಣ್ಣ ಫೈಲ್‌ನಲ್ಲಿ, ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಸ್ಟುಡಿಯೋ ಎಷ್ಟೇ ಸಲ ಬದಲಾದರೂ ನೀವು ಕೈ ಹಾಕುವ ತನಕ ಆ ಸಾಲು ಹಾಗೇ ಇರುತ್ತದೆ.

ಈಗ ರ್ಯಾಮ್ ವಿಷಯ. ಸ್ಟುಡಿಯೋಗೆ ಕನಿಷ್ಠ 8 ಜಿಬಿ, ಎಮ್ಯುಲೇಟರ್ (ಪರದೆ ಮೇಲೇ ಓಡುವ ನಕಲಿ ಫೋನ್) ಕೂಡ ಬೇಕಂದರೆ 16 ಜಿಬಿ ಅಂತ ಗೂಗಲ್‌ನವರೇ ಬರೆದಿದ್ದಾರೆ. ನಾನು ಎಮ್ಯುಲೇಟರ್ ಬಿಟ್ಟು ಹಳೇ ಫೋನ್ ಒಂದನ್ನು ಯುಎಸ್‌ಬಿಗೆ ಹಾಕಿ ಟೆಸ್ಟ್ ಮಾಡುತ್ತೇನೆ. ಆದರೂ ಆಗಾಗ ಯಂತ್ರ ಪೂರ್ತಿ ನಿಂತೇ ಹೋಗುತ್ತಿತ್ತು. ಒಂದು ದಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ "ಓಪನ್‌ಜೆಡಿಕೆ ಪ್ಲಾಟ್‌ಫಾರ್ಮ್ ಬೈನರಿ" ಅಂತ ಒಂದರ ಕೆಳಗೆ ಒಂದು ಎರಡು ಸಾಲು. ಎರಡೂ ಒಂದು ಜಿಬಿಗಿಂತ ಜಾಸ್ತಿ ತಿಂದು ಕೂತಿದ್ದವು. ಸ್ಟುಡಿಯೋ ಒಂದು ಜಾವಾ, ಟರ್ಮಿನಲ್ ಇನ್ನೊಂದು ಜಾವಾ ಬಳಸಿದರೆ ಗ್ರೇಡಲ್ ಎರಡು ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಎಬ್ಬಿಸುತ್ತದೆ. ಕೆಲಸ ಮುಗಿದ ಮೇಲೂ ಅವು ಮೂರು ಗಂಟೆ ಸುಮ್ನೆ ಕಾಯುತ್ತಾ ಇರುತ್ತವೆ. ಎರಡೂ ಕಡೆ ಒಂದೇ ಜೆಡಿಕೆ ಇಟ್ಟರೆ ಒಂದೇ ಡೀಮನ್. ಮಧ್ಯೆ ಬೇರೆ ಕೆಲಸ ಇದ್ದರೆ ಟರ್ಮಿನಲ್‌ನಲ್ಲಿ ಗ್ರೇಡಲ್‌ಡಬ್ಲ್ಯೂ ಕಮಾಂಡ್‌ಗೆ ಸ್ಟಾಪ್ ಅಂತ ಕೊಟ್ಟು ಡೀಮನ್ ನಿಲ್ಲಿಸಿ ಎದ್ದು ಹೋಗುತ್ತೇನೆ. ಹಳೇ ಲ್ಯಾಪ್‌ಟಾಪ್ ಇರುವವರಿಗೆ ನಾನು ಹೇಳುವ ಅತಿ ಮುಖ್ಯ ಮಾತು ಇದೇ. ಹೊಸ ರ್ಯಾಮ್ ಕೊಳ್ಳುವ ಮೊದಲು ಇದನ್ನು ನೋಡಿ.

ಸಿ ಡ್ರೈವ್ ತುಂಬುವುದೂ ಒಂದು ತೊಂದರೆ. ಗ್ರೇಡಲ್ ಇಳಿಸಿಕೊಂಡದ್ದನ್ನೆಲ್ಲ ಇಡುವ ಡಾಟ್ ಗ್ರೇಡಲ್ ಫೋಲ್ಡರ್ ಕೆಲವೇ ತಿಂಗಳಲ್ಲಿ ಹತ್ತಾರು ಜಿಬಿ ಆಗಬಹುದು. ಗ್ರೇಡಲ್ ಯೂಸರ್ ಹೋಮ್ ಅನ್ನುವ ವೇರಿಯಬಲ್ ಬದಲಿಸಿ ಡಿ ಡ್ರೈವ್‌ಗೆ ಕಳಿಸಿದೆ. ಆಮೇಲೆ ಕಾಟ ಇಲ್ಲ.

ಹಳೇದರಲ್ಲೇ ಕೊನೇ ತನಕ ಇರುವುದಕ್ಕೆ ಆಗುವುದಿಲ್ಲ, ಅದೂ ನಿಜ. ಪ್ಲೇ ಸ್ಟೋರ್‌ಗೆ 2025ರ ಆಗಸ್ಟ್ 31ರಿಂದ ಅಪ್‌ಡೇಟ್ ಹಾಕಬೇಕಂದರೆ ಟಾರ್ಗೆಟ್ ಎಪಿಐ (ಯಾವ ಆಂಡ್ರಾಯ್ಡ್‌ಗೆ ಮಾಡಿದ್ದು ಅನ್ನುವ ಸಂಖ್ಯೆ) ಕನಿಷ್ಠ 35 ಬೇಕಾಯಿತು. 35ಕ್ಕೆ ಪ್ಲಗಿನ್ 8.6 ಬೇಕು. ಆ ಪ್ಲಗಿನ್‌ಗೆ ಗ್ರೇಡಲ್ 8.7 ಬೇಕು. ನಾನಿದ್ದದ್ದು ಪ್ಲಗಿನ್ 7.4ರಲ್ಲಿ. ಒಂದೇ ಸಲ ಹಾರಿದಾಗ ಮೂವತ್ತು ನಲವತ್ತು ಎರರ್ ಒಟ್ಟಿಗೆ ಬಂದವು, ಯಾವುದರಿಂದ ಯಾವುದು ಅಂತ ಗೊತ್ತಾಗಲಿಲ್ಲ. ಕೋಡ್‌ನ ಹಳೇ ಪ್ರತಿಗಳನ್ನು ಇಟ್ಟುಕೊಳ್ಳುವ ಗಿಟ್‌ನಲ್ಲಿ ಹಿಂದಕ್ಕೆ ಹೋಗಿ, ಮೊದಲು ಪ್ಲಗಿನ್ 8.0, ಅದು ಬಿಲ್ಡ್ ಆದ ಮೇಲೆ ಕಮಿಟ್ (ಆ ಪ್ರತಿ ಉಳಿಸುವುದು), ಆಮೇಲೆ 8.6. ಎರಡು ಭಾನುವಾರದ ಕೆಲಸ.

ದೊಡ್ಡ ಬದಲಾವಣೆಗಳೆಲ್ಲ 8.0ರಲ್ಲೇ ಇರುವುದು. ನೇಮ್‌ಸ್ಪೇಸ್ (ಕೋಡ್‌ನ ಪ್ಯಾಕೇಜ್ ಹೆಸರು) ಮ್ಯಾನಿಫೆಸ್ಟ್ ಅನ್ನುವ ಆ್ಯಪ್ ವಿವರದ ಫೈಲ್‌ನಿಂದ ಬಿಲ್ಡ್ ಫೈಲ್‌ಗೆ ಬರಬೇಕು. ಬಿಲ್ಡ್‌ನ ವಿವರಗಳನ್ನು ಕೋಡ್‌ಗೆ ಕೊಡುವ ಬಿಲ್ಡ್‌ಕಾನ್ಫಿಗ್ ಕ್ಲಾಸ್ ತಾನಾಗಿ ಹುಟ್ಟುವುದಿಲ್ಲ, ಬೇಕು ಅಂತ ಹೇಳಬೇಕು. ಜಾವಾ ಕಂಪೈಲ್ 1.8ಕ್ಕೆ (ಅಂದರೆ ಜಾವಾ 8ಕ್ಕೆ), ಆ್ಯಪ್ ಬರೆಯುವ ಇನ್ನೊಂದು ಭಾಷೆ ಕೋಟ್ಲಿನ್ 17ಕ್ಕೆ ಅಂತ ಬೇರೆ ಬೇರೆ ಇದ್ದರೆ ಬಿಲ್ಡ್ ನಿಲ್ಲುತ್ತದೆ. ಎರಡನ್ನೂ ಒಂದೇ ಮಾಡಬೇಕು. ಟೂಲ್ಸ್ ಮೆನುವಿನ ಅಪ್‌ಗ್ರೇಡ್ ಅಸಿಸ್ಟೆಂಟ್ ಮೊದಲಿನ ಎರಡನ್ನು ತಾನೇ ಮಾಡಿಕೊಟ್ಟಿತು, ಏನು ಬದಲಿಸುತ್ತೇನೆ ಅಂತ ಮುಂಚೆ ತೋರಿಸಿಯೂ ಕೊಟ್ಟಿತು. ಅದನ್ನು ಧೈರ್ಯವಾಗಿ ಬಳಸಿ.

ನಿಜವಾಗಿ ಕಷ್ಟ ಕೊಟ್ಟಿದ್ದು ಲೈಬ್ರರಿಗಳು. ಬಾಕಿ ಪಟ್ಟಿಯ ಪಿಡಿಎಫ್ ಮಾಡುವುದಕ್ಕೆ ಹಾಕಿದ್ದ ಒಂದು ಲೈಬ್ರರಿ ಜೆಸೆಂಟರ್ ಅನ್ನುವ ಆನ್‌ಲೈನ್ ಲೈಬ್ರರಿ ಭಂಡಾರದಲ್ಲಿ ಮಾತ್ರ ಇತ್ತು. 2021ರಲ್ಲಿ ಜೆಸೆಂಟರ್‌ಗೆ ಹೊಸದು ಸೇರುವುದು ನಿಂತಿತು. 2024ರ ಆಗಸ್ಟ್‌ನಿಂದ ಅಲ್ಲಿಗೆ ಕೇಳಿದ್ದೆಲ್ಲ ಮೇವನ್ ಸೆಂಟ್ರಲ್ ಅನ್ನುವ ಇನ್ನೊಂದು ಭಂಡಾರಕ್ಕೆ ಹೋಗುತ್ತದೆ. ನನ್ನ ಲೈಬ್ರರಿ ಮೇವನ್ ಸೆಂಟ್ರಲ್‌ನಲ್ಲಿ ಇರಲಿಲ್ಲ. ಹಳೇ ಕ್ಯಾಶ್‌ನಲ್ಲಿ ಒಂದು ಪ್ರತಿ ಉಳಿದಿದ್ದರಿಂದ ಅಲ್ಲಿಯವರೆಗೆ ಬಿಲ್ಡ್ ಆಗುತ್ತಿತ್ತು. ದೀಪಾವಳಿಗೆ ಮುಂಚಿನ ಆ ರಾತ್ರಿ ಅಳಿಸಿದ್ದು, ಪುಣ್ಯಕ್ಕೆ, ಪ್ರಾಜೆಕ್ಟ್‌ನ ಕ್ಯಾಶ್ ಮಾತ್ರ. ಪೂರ್ತಿ ಅಳಿಸಿದ್ದರೆ ಅವತ್ತು ಆ ಎಪಿಕೆ ಹೋಗುತ್ತಲೇ ಇರಲಿಲ್ಲ. ಕೊನೆಗೆ ಆ ಲೈಬ್ರರಿ ತೆಗೆದು ಆಂಡ್ರಾಯ್ಡ್‌ನಲ್ಲೇ ಇರುವ ಪಿಡಿಎಫ್ ಡಾಕ್ಯುಮೆಂಟ್ ಕ್ಲಾಸ್ ಬಳಸಿ ಬರೆದೆ. ಕನ್ನಡ ಹೆಸರುಗಳ ಒತ್ತಕ್ಷರ ಈಗ ಮೊದಲಿಗಿಂತ ಚೆನ್ನಾಗಿ ಬರುತ್ತಿದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. 4 ಜಿಬಿ ರ್ಯಾಮ್ ಇರುವವರು ಇದಕ್ಕೆ ಕೈ ಹಾಕಬೇಡಿ, ಸುಮ್ನೆ ನೋವು. 8 ಜಿಬಿ ಮತ್ತು ಎಸ್‌ಎಸ್‌ಡಿ ಇದ್ದರೆ ನಡೆಯುತ್ತದೆ. ನನ್ನ ಸ್ಕ್ರೀನ್ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದೇನೆ: ಜೆಡಿಕೆ 17, ಗ್ರೇಡಲ್ 8.7, ಪ್ಲಗಿನ್ 8.6. ಅಪ್‌ಡೇಟ್ ಬಂದಾಗ ಮೊದಲು ಆ ಚೀಟಿ ನೋಡುತ್ತೇನೆ. ಅಂಗಡಿಯವರ ಲೆಕ್ಕ ಮುಗಿಯುವ ತಿಂಗಳಲ್ಲಿ ಒತ್ತುವುದೇ ಇಲ್ಲ.