ಆರು ವರ್ಷ ಜೀನ್ ಆಂಟಾಲಜಿ ಬಳಸಿದ ಮೇಲೆ: 5ಕ್ಕೆ 4

ನಾನು ರಾಗಿ ಮೇಲೆ ಕೆಲಸ ಮಾಡುವವಳು. ನೀರು ಸಿಗದಿದ್ದಾಗ ಎಲೆಯಲ್ಲಿ ಯಾವ ಯಾವ ಜೀನ್ ಚುರುಕಾಗುತ್ತವೆ ಅಂತ ನೋಡುವುದು ನಮ್ಮ ಲ್ಯಾಬಿನ ಕಸುಬು. ಒಂದು ಪ್ರಯೋಗ ಮುಗಿದರೆ ಕೈಯಲ್ಲಿ ಎರಡು ಮೂರು ಸಾವಿರ ಜೀನ್‌ಗಳ ಪಟ್ಟಿ ಉಳಿಯುತ್ತದೆ, ಅದನ್ನು ಸುಮ್ನೆ ದಿಟ್ಟಿಸುತ್ತಾ ಕೂತರೆ ಏನೂ ಹೊಳೆಯುವುದಿಲ್ಲ. ಆಗ ಬೇಕಾಗುವುದು ಜೀನ್ ಆಂಟಾಲಜಿ, ಅಂದರೆ ಜೀನ್‌ಗಳು ಮಾಡುವ ಕೆಲಸಗಳಿಗೆ ಎಲ್ಲರೂ ಒಪ್ಪಿದ ಪದಪಟ್ಟಿ, ನಮ್ಮ ಬಾಯಲ್ಲಿ ‘ಗೋ’.

ಹೆಸರು ಕೇಳಿ ಹೆದರಬೇಡಿ. ಒಂದು ಡೇಟಾಬೇಸ್‌ನಲ್ಲಿ ‘ಟ್ರಾನ್ಸ್‌ಲೇಶನ್’ ಅಂತಿರುತ್ತದೆ, ಇನ್ನೊಂದರಲ್ಲಿ ಅದೇ ಕೆಲಸಕ್ಕೆ ‘ಪ್ರೋಟೀನ್ ಸಿಂಥೆಸಿಸ್’. ಎರಡೂ ಒಂದೇ ಅಂತ ನಮಗೆ ಗೊತ್ತು, ಕಂಪ್ಯೂಟರ್‌ಗೆ ಯಾರು ಹೇಳಬೇಕು? 1998ರಲ್ಲಿ ಹಣ್ಣುನೊಣ, ಯೀಸ್ಟ್, ಇಲಿಯ ಡೇಟಾಬೇಸ್‌ಗಳವರು ಸೇರಿ ಎಲ್ಲರಿಗೂ ಒಂದೇ ಪದಪಟ್ಟಿ ಶುರು ಮಾಡಿದರು, ಅದೇ ಗೋ. ಅದರಲ್ಲಿ ಪ್ರತಿ ಪದಕ್ಕೂ ಒಂದು ಸಂಖ್ಯೆ. ನೀರಿನ ಕೊರತೆಗೆ ಸ್ಪಂದಿಸುವುದು ಅಂದರೆ 0009414, ಭತ್ತವಾದರೂ ಅದೇ, ರಾಗಿಯಾದರೂ ಅದೇ. ಪದಗಳ ನಡುವಿನ ಸಂಬಂಧ ಮಾತ್ರ ಸರಳ ಮರದ ಹಾಗಿಲ್ಲ, ಒಂದೇ ಪದ ಎರಡು ದೊಡ್ಡ ಪದಗಳ ಕೆಳಗೆ ಬರಬಹುದು. ಸೋದರಮಾವನನ್ನೇ ಮದುವೆಯಾದವರ ಮನೆಯಲ್ಲಿ ಒಬ್ಬರಿಗೇ ಎರಡು ಕಡೆಯಿಂದ ನೆಂಟಸ್ತಿಕೆ ಇರುತ್ತದಲ್ವಾ, ಹಾಗೆ.

ಮೊದಲ ವರ್ಷ ನನ್ನ ಮರ್ಯಾದೆ ಹೋಗಿದ್ದು ಹೇಳಲೇಬೇಕು. ಲ್ಯಾಬ್ ಮೀಟಿಂಗ್‌ನಲ್ಲಿ ದೊಡ್ಡದಾಗಿ ಸ್ಲೈಡ್ ಹಾಕಿದೆ, ಬರಗಾಲದಲ್ಲಿ ರಾಗಿ ಎಲೆಯಲ್ಲಿ ಮೇಲೆದ್ದ ಕೆಲಸಗಳ ಪಟ್ಟಿಯಲ್ಲಿ ಮೂರನೆಯದು ‘ಹೃದಯದ ಬೆಳವಣಿಗೆ’! ನಮ್ಮ ಮೇಡಂ ಕನ್ನಡಕ ತೆಗೆದು, "ಏನಮ್ಮಾ, ರಾಗಿಗೆ ಹಾರ್ಟ್ ಬಂತಾ?" ಅಂದರು. ತಪ್ಪು ಗೋದಲ್ಲ, ನನ್ನದೇ. ಪ್ರೋಟೀನ್ ಹೋಲಿಕೆ ನೋಡಿ ಪ್ರಾಣಿಗಳ ಜೀನ್‌ನಿಂದ ಪದಗಳನ್ನು ಕಣ್ಣುಮುಚ್ಚಿ ಎತ್ತಿಕೊಂಡಿದ್ದೆ. ಯಾವ ಪದ ಯಾವ ಜೀವಿಗೆ ಹೊಂದುವುದಿಲ್ಲ ಅನ್ನುವ ನಿಯಮಗಳು ಗೋದಲ್ಲೇ ಇವೆ, ನಾನು ನೋಡಿರಲಿಲ್ಲ ಅಷ್ಟೇ.

ಅಂದಿನಿಂದ, ಯಾವ ಜೀನ್‌ಗೆ ಯಾವ ಪದ ಅಂತ ಬರೆದಿರುವ ಗೋ ಫೈಲ್ ತೆರೆದ ಕೂಡಲೇ ಏಳನೇ ಕಾಲಂಗೆ ಹೋಗುತ್ತೇನೆ. ಆ ಪದವನ್ನು ಯಾವ ಆಧಾರದ ಮೇಲೆ ಕೊಟ್ಟರು ಅಂತ ಹೇಳುವ ಸಾಕ್ಷ್ಯದ ಕೋಡ್ ಇರುವುದು ಅಲ್ಲಿ. ‘ಐಡಿಎ’ ಇದ್ದರೆ ಯಾರೋ ನೇರ ಪ್ರಯೋಗ ಮಾಡಿದ್ದಾರೆ, ಡೇಟಾಬೇಸ್ ನೋಡಿಕೊಳ್ಳುವ ತಜ್ಞರು, ಅಂದರೆ ಕ್ಯುರೇಟರ್, ಆ ಪೇಪರ್ ಓದಿ ನಮೂದಿಸಿದ್ದಾರೆ. ‘ಐಇಎ’ ಇದ್ದರೆ ಕಂಪ್ಯೂಟರ್ ಹಾಕಿದ್ದು, ಒಂದೊಂದಾಗಿ ಯಾರೂ ಪರಿಶೀಲಿಸಿಲ್ಲ. ನಾಲ್ಕನೇ ಕಾಲಂ ಕೂಡ ಬಿಡಬೇಡಿ, ಅಲ್ಲಿ ಕೆಲವು ಸಾಲಲ್ಲಿ ‘ನಾಟ್’ ಅಂತಿರುತ್ತದೆ, ಅಂದರೆ ಈ ಜೀನ್ ಈ ಕೆಲಸ ಮಾಡುವುದಿಲ್ಲ ಅಂತ. ಅದನ್ನು ಬಿಟ್ಟು ಓದಿದರೆ ಅರ್ಥವೇ ಉಲ್ಟಾ.

ಪದ ಹುಡುಕಲು ಕ್ವಿಕ್‌ಗೋ ಅನ್ನುವ ವೆಬ್‌ಸೈಟ್ ಸಾಕು, ಚುರುಕಾಗಿದೆ. ಎಲ್ಲಾ ಉಚಿತ. ಆದರೆ ಪದಗಳು ಬದಲಾಗುತ್ತಲೇ ಇರುತ್ತವೆ, ಕೆಲವನ್ನು ರದ್ದು ಮಾಡುತ್ತಾರೆ. ಎರಡು ವರ್ಷದ ಹಿಂದಿನ ವಿಶ್ಲೇಷಣೆಯನ್ನು ರಿವ್ಯೂವರ್ ಕೇಳಿದರು ಅಂತ ಮತ್ತೆ ಓಡಿಸಿದರೆ ಬೇರೆ ಉತ್ತರ ಬಂತು. ಆಗ ಯಾವ ತಾರೀಖಿನ ಫೈಲ್ ಬಳಸಿದ್ದೆ ಅಂತ ಹುಡುಕಲು ಒಂದು ವಾರ ಬೇಕಾಯಿತು, ಈಗ ಫೋಲ್ಡರ್ ಹೆಸರಲ್ಲೇ ತಾರೀಖು ಬರೆಯುತ್ತೇನೆ.

ಒಂದು ಅಂಕ ಕಡಿಮೆ ಕೊಟ್ಟಿದ್ದು ರಾಗಿಗಾಗಿ. ಇಲಿ, ಯೀಸ್ಟ್, ಲ್ಯಾಬ್‌ಗಳವರ ಅಚ್ಚುಮೆಚ್ಚಿನ ಪುಟ್ಟ ಗಿಡ ಅರಾಬಿಡಾಪ್ಸಿಸ್‌ಗೆ ಪ್ರಯೋಗದ ಸಾಕ್ಷ್ಯ ರಾಶಿ ರಾಶಿ ಇದೆ. ನನ್ನ ಪಟ್ಟಿಯಲ್ಲಿ ಇಂದಿಗೂ ಬಹಳಷ್ಟು ಜೀನ್‌ಗಳ ಮುಂದೆ ‘ಐಇಎ’, ಉಳಿದವುಗಳ ಮುಂದೆ ಖಾಲಿ.