ಸಿಸ್ಟರ್ ಬಾವಿಕಟ್ಟೆ ಪಾಠ: ಕಲಿಸುವುದಕ್ಕೆ ಪೂರ್ಣ ಅಂಕ, ಪರೀಕ್ಷೆಗೆ ಅರ್ಧ

ಮಳೆಗಾಲ ಜೋರಾದರೆ ಅಂಕೋಲಾ, ಕುಮಟಾ ಕಡೆ ಚಿರೆಕಲ್ಲಿನ ಬಾವಿಗಳಲ್ಲಿ ನೀರು ಮೇಲೇರುತ್ತದೆ, ಅಂಗಳದ ಕೊಳೆಯೂ ಜೊತೆಗೇ ಸೇರುತ್ತದೆ. ಆಗ ಆರೋಗ್ಯ ಉಪಕೇಂದ್ರದ ಸಿಸ್ಟರ್ ಆಶಾ ಕಾರ್ಯಕರ್ತೆಯೊಂದಿಗೆ ಬಂದು ಬಾವಿಕಟ್ಟೆಯಲ್ಲೇ ಮಾಡುವ ಕ್ಲೋರಿನೇಷನ್ ಪಾಠ, ಅಂದರೆ ಬ್ಲೀಚಿಂಗ್ ಪೌಡರಿನಿಂದ ಬಾವಿನೀರಿನ ರೋಗಾಣು ಕೊಲ್ಲುವ ಪಾಠ, ನಮ್ಮ ಲೆಕ್ಕದಲ್ಲಿ ಸರ್ಕಾರದ ಬಹಳ ಒಳ್ಳೆಯ ಪುಕ್ಕಟೆ ಸೇವೆ.

ಮೊದಲು ಅಳತೆ. ಬಾವಿಯ ಅಡ್ಡಳತೆ 2 ಮೀಟರ್, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದಾಗ ನೀರಿನ ಆಳ 3 ಮೀಟರ್ ಇದ್ದರೆ ಸುಮಾರು 9,400 ಲೀಟರ್ ನೀರು. ಸಾವಿರ ಲೀಟರಿಗೆ 2.5 ಗ್ರಾಂನಂತೆ 24 ಗ್ರಾಂ ಬ್ಲೀಚಿಂಗ್ ಪೌಡರ್. ಅದನ್ನು ಬಕೆಟ್ಟಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, 5ರಿಂದ 10 ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗದಲ್ಲಿ ಇಳಿಬಿಟ್ಟು, ನೀರೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಯಾರೂ ನೀರು ಸೇದುವಂತಿಲ್ಲ. ಸಂಜೆ ಕೊಡ ತುಂಬಿಸಿಟ್ಟ ಮೇಲೆ ಮಾಡಿದರೆ ಅನುಕೂಲ.

ಪುಡಿಯನ್ನು ನೇರ ಬಾವಿಗೆ ಸುರಿಯುವವರು ಈಗಲೂ ಇದ್ದಾರೆ. ಸುಣ್ಣವೆಲ್ಲ ಒಳಗಿಳಿದು ನೀರು ಗಡಸಾಗುತ್ತದೆ, ಕ್ಲೋರಿನ್ ಸರಿಯಾಗಿ ಹರಡುವುದೂ ಇಲ್ಲ. ಇನ್ನೊಂದು ತೊಂದರೆ ನಮ್ಮ ಕಡಲಗಾಳಿಯದು. ತಾಜಾ ಪುಡಿಯಲ್ಲಿ ಕ್ಲೋರಿನ್ ಶೇ. 33ರಷ್ಟು ಇರುತ್ತದೆ, ಚೀಲದ ಬಾಯಿ ಬಿಚ್ಚಿಟ್ಟರೆ ತೇವ ಹಿಡಿದು ಗಂಟುಕಟ್ಟಿ ಸತ್ವ ಹೋಗುತ್ತದೆ. ಮೂಗಿಗೆ ಘಾಟು ಹೊಡೆಯದ ಪುಡಿಯನ್ನು ನಂಬಬೇಡಿ.

ಇದೆಲ್ಲ ಗೋಡೆಗೆ ಪೋಸ್ಟರ್ ಅಂಟಿಸಿದರೆ ತಲೆಗೆ ಹೋಗುವುದಿಲ್ಲ, ಕೈಯಲ್ಲಿ ಬಕೆಟ್ ಹಿಡಿದಾಗಲೇ ಹೋಗುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ನರ್ಸ್ ಎಂದಷ್ಟೇ ನಮಗೆ ಗೊತ್ತು. ಆದರೆ 1892ರಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರಿನಲ್ಲಿ, ತರಬೇತಾದ ಹೆಂಗಸರು ಹಳ್ಳಿಯ ತಾಯಂದಿರ ಮನೆಗೇ ಹೋಗಿ ಆರೋಗ್ಯದ ಪಾಠ ಹೇಳುವ ಯೋಜನೆಯ ಹಿಂದೆ ನಿಂತವರು ಅವರೇ. ಭಾರತಕ್ಕೆ ಒಮ್ಮೆಯೂ ಬರದೆ, ಇಲ್ಲಿನ ಹಳ್ಳಿಗಳ ನೀರು, ನೈರ್ಮಲ್ಯಕ್ಕಾಗಿ ವರ್ಷಗಟ್ಟಲೆ ಬರೆದರು. ಸಿಸ್ಟರ್ ಬಾವಿಕಟ್ಟೆಗೆ ಬರುವುದು ಅದೇ ದಾರಿಯಲ್ಲಿ.

ಅರ್ಧ ಅಂಕ ಕಳೆದದ್ದು ಕೊನೆಯ ಹಂತಕ್ಕೆ. ಗಂಟೆ ಕಳೆದ ಮೇಲೆ ಒಂದು ನಳಿಕೆ ನೀರಿಗೆ ಕ್ಲೋರಿನ್ ಪರೀಕ್ಷೆಯ ಹನಿ ಬಿಟ್ಟರೆ ಕೂಡಲೇ ಹಳದಿ ಬಣ್ಣ ಬರಬೇಕು, ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೆರೆನೀರು ನುಗ್ಗಿದ ಬಾವಿಯಲ್ಲಿ ಕೆಸರೇ ಕ್ಲೋರಿನನ್ನು ತಿಂದುಬಿಡುತ್ತದೆ, ಮತ್ತೆ ಹಾಕಬೇಕಾಗುತ್ತದೆ. ಮುಂದಿನ ಕೇರಿಗೆ ಓಡಬೇಕಾದ ಸಿಸ್ಟರಿಗೆ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಪರೀಕ್ಷೆಯ ಕಿಟ್ಟನ್ನು ಆಶಾ ಅಕ್ಕನ ಕೈಯಲ್ಲಿ ಬಿಟ್ಟುಹೋದರೆ ಆಯಿತು. ಹನಿ ಹಾಕಿದ ನೀರನ್ನು ಮಾತ್ರ ಬಾವಿಯಿಂದ ದೂರ ಚೆಲ್ಲಬೇಕು, ಕುಡಿಯಬಾರದು.