ಒಂದು ಗಂಟೆಗೆ ಡಬ್ಬಿ ತೆಗೆದಾಗ: ಚಿತ್ರಾನ್ನ, ಪುಳಿಯೋಗರೆ, ಚಪಾತಿ, ರೊಟ್ಟಿ, ಇಡ್ಲಿ

ಜನವರಿ ಕೊನೆಗೆ ಹೆಂಡತಿಯ ಶಿಫ್ಟ್ ಬದಲಾಯಿತು. ಬೆಳಿಗ್ಗೆ 6.30ಕ್ಕೆಲ್ಲ ಕ್ಯಾಬ್ ಬಂದು ಗೇಟಿನ ಮುಂದೆ ನಿಂತಿರುತ್ತದೆ. ಅವಳ ಊಟ ಕ್ಯಾಂಟೀನಿನಲ್ಲಿ. ನನ್ನದು ಮತ್ತು ಮೂರನೇ ಕ್ಲಾಸಿನ ಮಗಳದು, ಎರಡು ಡಬ್ಬಿ ಕಟ್ಟುವ ಕೆಲಸ ನನ್ನ ತಲೆಗೆ ಬಂತು.

ನಾನು ಗದಗಿನ ಕಡೆಯವನು, ಅವಳು ಮಂಡ್ಯದವಳು. ನಮ್ಮಲ್ಲಿ ಬುತ್ತಿ ಎಂದರೆ ರೊಟ್ಟಿ, ಅವರಲ್ಲಿ ಬಾಕ್ಸ್ ಎಂದರೆ ಅನ್ನ. ಈ ವಾದ ಮದುವೆಯಾದ ದಿನದಿಂದ ಇದೆ. ಸೌಟು ಈಗ ನನ್ನ ಕೈಗೆ ಬಂದಿದ್ದರಿಂದ ತೀರ್ಪನ್ನೂ ನಾನೇ ಕೊಟ್ಟುಬಿಡೋಣ ಎಂದು ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಒಂದೊಂದನ್ನೇ ಕಟ್ಟಿ, ತಿಂದು, ಒಂದು ಹಳೇ ಡೈರಿಯಲ್ಲಿ ಬರೆದಿಟ್ಟೆ.

ನಿಯಮ ಒಂದೇ. ಒಲೆಯ ಮುಂದೆ ನಿಂತು ರುಚಿ ನೋಡಿದ್ದು ಲೆಕ್ಕಕ್ಕಿಲ್ಲ. ಬೆಳಿಗ್ಗೆ 7.15ಕ್ಕೆ ಮುಚ್ಚಿದ ಡಬ್ಬಿಯನ್ನು ನಾನು ತೆಗೆಯುವುದು ಮಧ್ಯಾಹ್ನ 1ಕ್ಕೆ, ಮಗಳು ತೆಗೆಯುವುದು 12.30ಕ್ಕೆ. ಆ ಹೊತ್ತಿಗೆ ಅದು ಏನಾಗಿರುತ್ತದೋ ಅದೇ ಅದರ ಯೋಗ್ಯತೆ. ಆಫೀಸಿನಲ್ಲಿ ಮೈಕ್ರೋವೇವ್ ಇದೆ, ಆದರೆ ಅದರ ಮುಂದಿನ ಸಾಲು ನೋಡಿದರೆ ಹಸಿವೇ ಇಂಗಿಹೋಗುತ್ತದೆ. ಶಾಲೆಯಲ್ಲಿ ಅದೂ ಇಲ್ಲ. ಅಲ್ಲಿ ಊಟಕ್ಕೆ ಸಿಗುವುದೇ 25 ನಿಮಿಷ, ಅದರಲ್ಲಿ 10 ನಿಮಿಷ ಮಾತು.

ಉಪ್ಪಿಟ್ಟನ್ನು ಮೊದಲ ದಿನವೇ ಕೈಬಿಟ್ಟೆ. ಬಿಸಿಯಾಗಿದ್ದಾಗ ನನಗೆ ಅದರ ಮೇಲೆ ಯಾವ ದೂರೂ ಇಲ್ಲ. ಆದರೆ ಒಂದು ಗಂಟೆಗೆ ಡಬ್ಬಿ ಬೋರಲು ಹಾಕಿದರೆ ಡಬ್ಬಿಯ ಆಕಾರದಲ್ಲೇ ಇಡಿಯಾಗಿ ಬಿತ್ತು, ಮೂಲೆ ಸಮೇತ. ಅಕ್ಕಿ ರೊಟ್ಟಿಗೂ ಅದೇ ಗತಿ. ಚರ್ಮದ ಚಪ್ಪಲಿಯನ್ನು ಹರಿದು ತಿಂದ ಹಾಗಿತ್ತು.

ಇನ್ನು ಚಿತ್ರಾನ್ನ ಮತ್ತು ಪುಳಿಯೋಗರೆ. ನಿಜವಾದ ಪೈಪೋಟಿ ಇದ್ದದ್ದು ಇಲ್ಲಿ.

ಚಿತ್ರಾನ್ನ 15 ನಿಮಿಷದ ಕೆಲಸ, ರಾತ್ರಿ ತಯಾರಿ ಬೇಡ, ಮಗಳಿಗೂ ಇಷ್ಟ. ಮೊದಲ ವಾರ ಕುಕ್ಕರಿನಿಂದ ತೆಗೆದ ಬಿಸಿ ಅನ್ನವನ್ನು ಹಾಗೇ ಒಗ್ಗರಣೆಗೆ ಹಾಕಿ, ಮೇಲೆ ಒಂದು ಹಿಡಿ ಹಸಿ ತೆಂಗಿನತುರಿ ಉದುರಿಸಿ, ಉಗುರುಬೆಚ್ಚಗಿರುವಾಗಲೇ ಮುಚ್ಚಳ ಬಿಗಿದೆ. ಮಧ್ಯಾಹ್ನ ಮುಚ್ಚಳ ತೆಗೆದರೆ ಒಳಮೈಯಲ್ಲಿ ನೀರಿನ ಹನಿ, ಅನ್ನ ಬೆರಳಿಗೆ ಅಂಟಂಟು, ತೆಂಗಿನಿಂದ ಒಂದು ಥರದ ಹಳಸಲು ವಾಸನೆ. ಅವತ್ತು ಪಕ್ಕದ ಮೇಜಿನವರ ಬಾಳೆಹಣ್ಣು ನನ್ನನ್ನು ಕಾಪಾಡಿತು.

ಇದು ಬರೀ ರುಚಿಯ ಮಾತಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತೂ ಅವು ಚಿಗುರಿ ಬೆಳೆಯುತ್ತವೆ, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಂದೋ ಅನ್ನ 60 ಡಿಗ್ರಿಗಿಂತ ಬಿಸಿಯಾಗಿ ಇರಬೇಕು, ಇಲ್ಲವೇ ಬೇಗ ಆರಿ ತಣ್ಣಗಾಗಬೇಕು. ನಾನು ಮಾಡಿದ್ದು ಇವೆರಡರ ನಡುವಿನ ಕೆಲಸ.

ಎರಡನೇ ವಾರದಿಂದ ಒಂದು ಲೋಟ ಸೋನಾ ಮಸೂರಿಗೆ ಎರಡರ ಬದಲು ಒಂದೂಮುಕ್ಕಾಲು ಲೋಟ ನೀರು. ಅನ್ನವನ್ನು ಅಗಲ ತಟ್ಟೆಗೆ ಹರಡಿ, ಒಂದು ಚಮಚ ಎಣ್ಣೆ, ಉಪ್ಪು ಹಾಕಿ, ಫ್ಯಾನಿನ ಕೆಳಗೆ 10 ನಿಮಿಷ. ತೆಂಗು ರದ್ದು. ನಿಂಬೆರಸ ಒಲೆ ಆರಿಸಿದ ಮೇಲೆ, ಇಲ್ಲದಿದ್ದರೆ ಕಹಿ. ಚಿತ್ರಾನ್ನ ಸುಧಾರಿಸಿತು, ಒಪ್ಪುತ್ತೇನೆ. ಆದರೆ ಕಡಲೆಬೀಜ ಮಾತ್ರ ಮೆತ್ತಗಾಗುವುದನ್ನು ಬಿಡಲಿಲ್ಲ. ಅದನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿದೆ. ಮಗಳು ಪೊಟ್ಟಣವನ್ನು ಬಸ್ಸಿನಲ್ಲೇ ಖಾಲಿ ಮಾಡಿ, ಬೋಳು ಚಿತ್ರಾನ್ನವನ್ನು ಹಾಗೇ ವಾಪಸ್ ತಂದಳು.

ಪುಳಿಯೋಗರೆಗೆ ಇಷ್ಟೆಲ್ಲ ಉಪಚಾರ ಬೇಕಾಗಲಿಲ್ಲ. ಹೆಂಡತಿಯ ಜಿಲ್ಲೆಯಲ್ಲೇ ಮೇಲುಕೋಟೆ ಇರುವುದರಿಂದ ಈ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಭ. ಭಾನುವಾರ ಅವಳೇ ಗೊಜ್ಜು ಮಾಡಿಡುತ್ತಾಳೆ: ಹುಣಸೆಹಣ್ಣಿನ ಗಟ್ಟಿ ರಸ, ಬೆಲ್ಲ, ಹುರಿದು ಪುಡಿ ಮಾಡಿದ ಒಣಮೆಣಸು, ಮೆಂತ್ಯ, ಕರಿ ಎಳ್ಳು, ಕೊತ್ತಂಬರಿ ಬೀಜ. ಎಣ್ಣೆ ಅಂಚಿನಲ್ಲಿ ಬಿಟ್ಟುಕೊಂಡು ಗೊಜ್ಜು ಸೌಟಿಗೆ ಅಂಟಿ ನಿಧಾನಕ್ಕೆ ಜಾರುವವರೆಗೂ ಕುದಿಯಬೇಕು. ಅದರಲ್ಲಿ ನೀರು ಉಳಿದರೆ ಬೂಸ್ಟು ಗ್ಯಾರಂಟಿ. ಬೆಳಿಗ್ಗೆ ನನಗಿರುವುದು ಅನ್ನ ಆರಿಸಿ ಕಲಸುವ ಕೆಲಸ ಮಾತ್ರ.

ಏಳು ಗಂಟೆಗೆ ಬಾಯಿಗೆ ಹಾಕಿಕೊಂಡರೆ ಹುಳಿ ಒಂದು ಕಡೆ, ಅನ್ನ ಒಂದು ಕಡೆ. ಹಸೀ ಜಗಳ. ಒಂದು ಗಂಟೆಗೆ ತಿಂದರೆ ಎರಡೂ ರಾಜಿಯಾಗಿರುತ್ತವೆ; ಪ್ರತಿ ಅಗುಳಿಗೂ ಒಳಗಿನವರೆಗೆ ಹುಳಿ ಇಳಿದಿರುತ್ತದೆ. ಹೊತ್ತು ಕಳೆದಂತೆ ಕೆಡುವುದು ಬಿಟ್ಟು ಚೆನ್ನಾಗುತ್ತ ಹೋದದ್ದು ಇಡೀ ಪಟ್ಟಿಯಲ್ಲಿ ಇದು ಬಿಟ್ಟರೆ ಮೊಸರನ್ನವೊಂದೇ. ಹುಣಸೆಯ ಹುಳಿ, ಎಣ್ಣೆ, ನೀರಿನಂಶವಿಲ್ಲದ ಮಸಾಲೆ, ಇವುಗಳಿಂದಾಗಿ ಬಾಳಿಕೆಯೂ ಹೆಚ್ಚು. ಹಾಗಂತ ಬಿಸಿ ಅನ್ನಕ್ಕೆ ಕಲಸಿ ಮುಚ್ಚಿಡುವ ಧೈರ್ಯ ನಾನಂತೂ ಮಾಡಲಿಲ್ಲ.

ಕೊರತೆ ಇಲ್ಲವೆಂದಲ್ಲ. ತರಕಾರಿ ಒಂದು ಚೂರೂ ಇಲ್ಲ, ಎಣ್ಣೆ ಧಾರಾಳ, ಮೂರು ಗಂಟೆ ಮೀಟಿಂಗಿನಲ್ಲಿ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಜೊತೆಗೆ ಸೌತೆಕಾಯಿ ಹೋಳು ಒಯ್ಯುತ್ತೇನೆ. ಉಪ್ಪು ಮಾತ್ರ ತಿನ್ನುವಾಗ. ಮೊದಲೇ ಉಪ್ಪು ಹಾಕಿದರೆ ಡಬ್ಬಿಯಲ್ಲಿ ಕೆರೆ.

ಚಪಾತಿಯ ಮೇಲೆ ನನಗೆ ದೊಡ್ಡ ನಿರೀಕ್ಷೆ ಇತ್ತು. ಊರೆಲ್ಲ ಕಟ್ಟುವುದು ಅದನ್ನೇ ಅಲ್ಲವೇ. ಆದರೆ ಅದು ಬೇಡುವ ಸಮಯ! ಹಿಟ್ಟು ಕಲಸಿ ಅರ್ಧ ಗಂಟೆ ನೆನೆಯಬೇಕು, ಲಟ್ಟಿಸಿ ಬೇಯಿಸಲು ಇನ್ನರ್ಧ ಗಂಟೆ, ಪಲ್ಯ ಬೇರೆ. ಇಷ್ಟಾಗಿ ಬಿಸಿಬಿಸಿಯಾಗಿ ಒಂದರ ಮೇಲೊಂದು ಪೇರಿಸಿ ಸ್ಟೀಲ್ ಡಬ್ಬಿಗೆ ಹಾಕಿದರೆ ಹಬೆ ಎಲ್ಲ ನೀರಾಗಿ ತಳದ ಚಪಾತಿ ತೊಯ್ದ ಕಾಗದ. ಆರಿಸಿ ಹಾಗೇ ಇಟ್ಟರೆ ಅಂಚು ಗಟ್ಟಿ. ಕೊನೆಗೆ ನಿಂತ ಉಪಾಯ ಇದು: ಉಗುರುಬೆಚ್ಚಗಿನ ನೀರಲ್ಲಿ ಮೆತ್ತಗೆ ಕಲಸಿ, ಬೇಯಿಸಿದ ಮೇಲೆ ಎರಡು ನಿಮಿಷ ಗಾಳಿಗೆ ಬಿಟ್ಟು, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಡಬ್ಬಿಗೆ. ಬಟ್ಟೆ ಹೆಚ್ಚಿನ ಹಬೆಯನ್ನು ಹೀರಿಕೊಳ್ಳುತ್ತದೆ, ಬೇಕಾದಷ್ಟು ಪಸೆ ಉಳಿಸುತ್ತದೆ. ನಮ್ಮ ಅವ್ವ ಇದನ್ನು ಯಾವಾಗಲೂ ಮಾಡುತ್ತಿದ್ದಳು, ನಾನು ಅದು ಬಡತನ ಎಂದುಕೊಂಡಿದ್ದೆ.

ಪಲ್ಯದ್ದು ಇನ್ನೊಂದು ಕಥೆ. ಬೀನ್ಸ್, ಬೆಂಡೆ, ಆಲೂಗಡ್ಡೆ ಒಣ ಪಲ್ಯಗಳು ಪರವಾಗಿಲ್ಲ. ಒಂದು ದಿನ ಬದನೆಕಾಯಿ ಎಣ್ಣೆಗಾಯಿ ಕಳಿಸಿದೆ. ಮಗಳ ಗಣಿತದ ಪುಸ್ತಕದಲ್ಲಿ ಮಗ್ಗಿಯ ಪುಟದಿಂದ ಹಿಡಿದು ಭಾಗಾಕಾರದವರೆಗೆ ಅರಿಶಿನದ ಭೂಪಟ ಮೂಡಿತು. ಟೀಚರ್ ಅದರ ಕೆಳಗೆ ಸಹಿ ಹಾಕಿ ಕಳಿಸಿದ್ದರು. ಅದಕ್ಕಿಂತ ಮುಖ್ಯ ಸಂಗತಿ ಎಂದರೆ ಚಪಾತಿ ಹರಿದು, ಪಲ್ಯ ಹಿಡಿದು, ಅಗಿದು ನುಂಗುವಷ್ಟು ಹೊತ್ತು ಮಕ್ಕಳಿಗೆ ಇರುವುದಿಲ್ಲ. ಎರಡರಲ್ಲಿ ಒಂದು ಯಾವಾಗಲೂ ವಾಪಸ್. ಸುರುಳಿ ಸುತ್ತಿ ಕೊಟ್ಟ ದಿನ ಮಾತ್ರ ಪೂರ್ತಿ ಹೋಯಿತು.

ಇನ್ನು ನನ್ನ ರೊಟ್ಟಿ. ಮನಸ್ಸು ಗಟ್ಟಿ ಮಾಡಿಕೊಂಡು ಬರೆಯುತ್ತಿದ್ದೇನೆ. ಬೆಳಿಗ್ಗೆ ಬಡಿದ ಮೆತ್ತನೆ ಜೋಳದ ರೊಟ್ಟಿ ಒಂದು ಗಂಟೆಯ ಪರೀಕ್ಷೆಯಲ್ಲಿ ಸೋತಿತು. ಗೋಧಿಯ ಹಾಗೆ ಜೋಳದಲ್ಲಿ ಗ್ಲುಟೆನ್ ಇಲ್ಲ. ಕುದಿಯುವ ನೀರು ಹಾಕಿ ನಾದಿದ್ದರಿಂದ ಬಂದ ಅಂಟು ಆರುತ್ತಿದ್ದಂತೆ ಬಿರುಸಾಗುತ್ತದೆ. ತವೆಯಿಂದ ತಟ್ಟೆಗೆ ಬಿದ್ದ ರೊಟ್ಟಿಗೂ ಡಬ್ಬಿಯಿಂದ ತೆಗೆದ ರೊಟ್ಟಿಗೂ ಸಂಬಂಧವೇ ಇಲ್ಲ. ಹೆಂಡತಿ ಏನೂ ಹೇಳಲಿಲ್ಲ, ಡೈರಿಯಲ್ಲಿ ಆ ಪುಟದ ಮೂಲೆ ಮಾತ್ರ ಮಡಚಿಟ್ಟಳು.

ಆದರೆ ಗರಿಗರಿಯಾಗಿ ಒಣಗಿಸಿಟ್ಟ ಕಟಕ ರೊಟ್ಟಿ ಬೇರೆಯೇ ಜಾತಿ. ಅದರಲ್ಲಿ ಕೆಡುವುದಕ್ಕೆ ನೀರೇ ಇಲ್ಲ. ಊರಿಂದ ಬಂದ ಕಟ್ಟು ತಿಂಗಳಾದರೂ ಹಾಗೇ ಇರುತ್ತದೆ. ಮೇಲೆ ಶೇಂಗಾ ಹಿಂಡಿ (ಕಡಲೆಬೀಜದ ಚಟ್ನಿಪುಡಿ), ಪುಟ್ಟ ಡಬ್ಬಿಯಲ್ಲಿ ಗಟ್ಟಿ ಮೊಸರು, ಒಂದು ಈರುಳ್ಳಿ. ಕಟ್ಟಲು 2 ನಿಮಿಷ, ಒಲೆ ಹಚ್ಚುವ ಗೋಜಿಲ್ಲ. ಆಫೀಸಿನಲ್ಲಿ ಒಂದೇ ತೊಂದರೆ, ಸದ್ದು. ಎಲ್ಲರೂ ತಲೆ ತಗ್ಗಿಸಿ ಕೀಬೋರ್ಡ್ ಕುಟ್ಟುತ್ತಿರುವಾಗ ಸೀಟಿನಲ್ಲೇ ಕೂತು ಮೊದಲ ತುಂಡು ಮುರಿದೆ. ಆರು ತಲೆಗಳು ಗೋಡೆಯ ಮೇಲಿಂದ ಇಣುಕಿದವು. ಅವರಿಗೆಲ್ಲ ಹಂಚಿ ನನಗೆ ಉಳಿದದ್ದು ಮುಕ್ಕಾಲು ರೊಟ್ಟಿ.

ಅದು ಗೆದ್ದದ್ದು ತಲಕಾಡಿನಲ್ಲಿ. ಮಾರ್ಚಿನ ಒಂದು ಭಾನುವಾರ ಮೂವರೂ ಹೋದೆವು. ಪುಳಿಯೋಗರೆ, ಮೊಸರನ್ನ, ಕಟಕ ರೊಟ್ಟಿ ಮೂರನ್ನೂ ಕಟ್ಟಿದ್ದೆ. ದೇವಸ್ಥಾನಗಳನ್ನು ನೋಡಿಕೊಂಡು, ಮರಳಲ್ಲಿ ಕಾಲು ಸುಟ್ಟುಕೊಂಡು, ಕಾವೇರಿ ದಂಡೆಯ ನೆರಳಲ್ಲಿ ಕೂತು ಮುಚ್ಚಳ ತೆಗೆದದ್ದೇ ತಡ, ಒಂದು ಗಾಳಿ ಬೀಸಿತು. ತಲಕಾಡು ಮರಳಾಗಲಿ ಎಂದು ಅಲಮೇಲಮ್ಮ ಕೊಟ್ಟ ಶಾಪ ನಮ್ಮ ಮೊಸರನ್ನದ ತನಕ ಬಂತು. ಒದ್ದೆ ಅನ್ನಕ್ಕೆ ಅಂಟಿದ ಮರಳು ಬಿಡುತ್ತದೆಯೇ? ಮೇಲಿನ ಪದರ ತೆಗೆದರೂ ಹಲ್ಲಿನಲ್ಲಿ ಕರಕರ. ಪುಳಿಯೋಗರೆಯೂ ಎಣ್ಣೆಗೆ ಅಷ್ಟಿಷ್ಟು ಹಿಡಿದುಕೊಂಡಿತ್ತು. ರೊಟ್ಟಿಯನ್ನು ಮೊಣಕಾಲಿಗೆ ಎರಡು ಸಲ ತಟ್ಟಿದೆ, ಅಷ್ಟೇ. ಮಂಡ್ಯದವಳು ಮೂರು ತಿಂದಳು. ಈ ಸಲ ಪುಟದ ಮೂಲೆ ನಾನು ಮಡಚಿದೆ.

ಶಾಲೆಗೆ ಗೆದ್ದದ್ದು ನಾನು ಎಣಿಸದೇ ಇದ್ದದ್ದು, ಪುಡಿ ಇಡ್ಲಿ. ಇಡ್ಲಿ ಬಿಸಿ ಇರುವಾಗಲೇ ತುಪ್ಪದಲ್ಲಿ ಕಲಸಿದ ಚಟ್ನಿಪುಡಿಯನ್ನು ಎರಡೂ ಕಡೆ, ಅಂಚಿಗೂ ಬಿಡದೆ ಸವರಬೇಕು. ಜಿಡ್ಡಿನ ಆ ಪದರದಿಂದ ಇಡ್ಲಿ ಒಣಗುವುದಿಲ್ಲ. ತೆಂಗಿನ ಚಟ್ನಿ ಕಳಿಸಿದರೆ ಹುಳಿಯುವ ಭಯ, ಸಾಂಬಾರ್ ಕಳಿಸಿದರೆ ಚೆಲ್ಲುವ ಭಯ, ಇದಕ್ಕೆ ಎರಡೂ ಇಲ್ಲ. ಚಮಚ ಬೇಡ, ಹರಿಯುವುದು ಬೇಡ. ಒಂದಕ್ಕೆ ಮೂರೇ ತುತ್ತು. ನಾಲ್ಕು ಇಡ್ಲಿ ಕಳಿಸಿದ ದಿನ ನಾಲ್ಕೂ ಹೋಯಿತು. ಹಿಟ್ಟಿನ ಆಯುಷ್ಯ ಮಾತ್ರ ಕಮ್ಮಿ: ಭಾನುವಾರ ರುಬ್ಬಿದ್ದು ಸೋಮವಾರ, ಮಂಗಳವಾರ ಇಡ್ಲಿಗೆ, ಬುಧವಾರಕ್ಕೆ ಹುಳಿ ಬಂದು ಪಡ್ಡು. ಪಡ್ಡೂ ಡಬ್ಬಿಯಲ್ಲಿ ಚೆನ್ನಾಗೇ ಇರುತ್ತದೆ, ಗರಿ ಹೋಗುತ್ತದೆ ಅಷ್ಟೇ.

ಮೊಸರನ್ನದ ಬಗ್ಗೆ ಕೊನೆಗೆ ಬರೆಯಲು ಕಾರಣವಿದೆ. ಡೈರಿಯ ಪ್ರಕಾರ ಶಾಲೆಯ ಮೊದಲ ಸ್ಥಾನ ಅದರದೇ ಆಗಿತ್ತು. ಅದಕ್ಕೆ ಪೂರ್ತಿ ಮೊಸರು ಹಾಕಬಾರದು. ಮೆತ್ತಗೆ ಬೆಂದ ಒಂದು ಲೋಟ ಅನ್ನವನ್ನು ಬಿಸಿಯಲ್ಲೇ ಮಸೆದು, ಒಂದೂವರೆ ಲೋಟ ಕಾಯಿಸಿದ ಹಾಲು ಬೆರೆಸಿ, ಬೆರಳು ತಾಳುವಷ್ಟು ಆರಿದ ಮೇಲೆ ಒಂದೆರಡು ಚಮಚ ಮೊಸರು. ಏಳಕ್ಕೆ ಅದು ಹಾಲನ್ನ, ಪಾಯಸದ ಹಾಗೆ ತೆಳ್ಳಗೆ. ಊಟದ ಹೊತ್ತಿಗೆ ಡಬ್ಬಿಯಲ್ಲೇ ಹೆಪ್ಪಾಗಿ ಹುಳಿಯಿಲ್ಲದ ಮೊಸರನ್ನ. ಮಾರ್ಚಿನ ಸೆಕೆಗೆ ಒಂದೇ ಸಣ್ಣ ಚಮಚ ಸಾಕು. ಶುಂಠಿ, ಇಂಗು, ಸಾಸಿವೆ ಒಗ್ಗರಣೆ, ಮೇಲೆ ದಾಳಿಂಬೆ. ಸೌತೆ ಹಾಕಿದರೆ ನೀರು ಬಿಡುತ್ತದೆ.

ಮೂರು ವಾರ, ವಾರಕ್ಕೆ ಎರಡು ದಿನ, ಆರೂ ಸಲ ಡಬ್ಬಿ ತೊಳೆದಿಟ್ಟ ಹಾಗೆ ಖಾಲಿ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ. ಏಪ್ರಿಲ್ ಮೊದಲ ವಾರ ಶಾಲೆಗೆ ಹೋಗಿದ್ದಾಗ ಅವಳ ಬೆಂಚಿನ ಗೆಳತಿ ಓಡಿ ಬಂದು, "ಅಂಕಲ್, ನಿಮ್ಮ ಕರ್ಡ್ ರೈಸ್ ಸೂಪರ್" ಅಂದಳು. ಮಗಳು ಬೇರೆ ಕಡೆ ನೋಡುತ್ತಿದ್ದಳು. ಮನೆಗೆ ಬರುವ ದಾರಿಯಲ್ಲಿ ವಿಷಯ ಹೊರಬಿತ್ತು: ಆರು ಸಲವೂ ನನ್ನ ಮೊಸರನ್ನ ಆ ಹುಡುಗಿಗೆ, ಅವಳ ಮನೆಯ ಆಲೂ ಪರಾಠ ಇವಳಿಗೆ.

ಹಾಗಾಗಿ ಡೈರಿಯಲ್ಲಿ ಮೊಸರನ್ನದ ಅಂಕ ಹೊಡೆದು ಹಾಕಿ ಇಡ್ಲಿಯನ್ನು ಮೇಲೆ ತಂದೆ. ಜೂನಿನಲ್ಲಿ ಶಾಲೆ ತೆರೆದ ಮೇಲೂ ವಾರಕ್ಕೆರಡು ದಿನ ಮೊಸರನ್ನ ಕಟ್ಟುತ್ತಲೇ ಇದ್ದೇನೆ, ಈಗ ಸ್ವಲ್ಪ ಜಾಸ್ತಿಯೇ. ಆ ಪರಾಠ ಮಧ್ಯಾಹ್ನದವರೆಗೂ ಅಷ್ಟು ಮೆತ್ತಗೆ ಹೇಗಿರುತ್ತದೆ ಎಂದು ಗೆಳತಿಯ ಅಮ್ಮನನ್ನು ಕೇಳಿಸು ಅಂತ ಮಗಳಿಗೆ ಹೇಳಿದ್ದೇನೆ. ಮೂರು ವಾರವಾಯಿತು, ಅವಳು ಮರೆತೆ ಅನ್ನುತ್ತಲೇ ಇದ್ದಾಳೆ.